ಶೇಕಡಾ ಇಪ್ಪತ್ತೆರಡು

ಹೊಸಂಗಡಿಯಲ್ಲಿ, ಝೆರಾಕ್ಸ್ ಅಂಗಡಿಯ ಜಗಲಿಯಲ್ಲಿ ನನ್ನ ಮೇಜು.
ಮೂರು ಕಾಲು ಅದಕ್ಕೆ, ನಾಲ್ಕನೆಯದರ ಬದಲು ಮುರಕಲ್ಲು.
ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು, ನೀರಿನ ಕನೆಕ್ಷನ್ನು,
ಹಿಂದೆ ಇಂಥವೇ ಬರುತ್ತಿದ್ದವು.
ರಸ್ತೆ ಅಗಲವಾದ ಮೇಲೆ
ಕೈಕಾಲುಗಳು ಬರತೊಡಗಿದವು.

ಇವತ್ತು ಯಮುನಕ್ಕ.
ಬಲಗೈಯನ್ನು ಎಡಗೈಯಿಂದ ಎತ್ತಿ
ಮೇಜಿನ ಮೇಲಿಟ್ಟಳು,
ನೆರೆಮನೆಯ ಪಾತ್ರೆಯನ್ನು ವಾಪಸು ಕೊಡುವವಳ ಹಾಗೆ.

ಆಸ್ಪತ್ರೆ ಮಂಗಳೂರಿನದು, ಅದರ ಚೀಟಿ ಇಂಗ್ಲಿಷಿನದು.
ಪೊಲೀಸರ ಕಾಗದ ಮಲಯಾಳದ್ದು.
ಅವಳು ನರಳುವುದು ತುಳುವಿನಲ್ಲಿ.
ಕನ್ನಡದಲ್ಲಿ ಕರಡು ಮಾಡಿ ಓದಿ ಹೇಳುವವನು ನಾನು.
'ಅಪಕಟಂ' ಎಂದಿದೆ ಎಫ್ಐಆರಿನಲ್ಲಿ.
ಇಪ್ಪತ್ತು ವರ್ಷದಿಂದ ಓದುತ್ತಿದ್ದೇನೆ ಆ ಪದವನ್ನು,
ಈಗಲೂ ನನ್ನ ಕಿವಿಗೆ ಅದು
ಕಪಟವಿಲ್ಲದ್ದು ಎಂದೇ ಕೇಳುತ್ತದೆ.

ಇರಲಿಲ್ಲ ನಿಜ, ಯಾರಲ್ಲೂ ಕಪಟ.
ಮೀನಿನ ಲಾರಿಯವನಿಗೆ ಐಸು ಕರಗುವ ಆತಂಕ.
ಬೈಕಿನ ಹುಡುಗ ಸಫ್ವಾನನಿಗೆ ಒಂಬತ್ತೂವರೆಗೆ ಪರೀಕ್ಷೆ.
ಯಮುನಕ್ಕನಿಗೆ ಬೀಡಿ ಬ್ರಾಂಚು ಮುಚ್ಚುವುದರೊಳಗೆ
ಕಟ್ಟು ಒಪ್ಪಿಸಿ ಎಲೆ, ಹೊಗೆಸೊಪ್ಪು ತರಬೇಕು.
ಬ್ರಾಂಚು ಎದುರಿಗೇ ಇದೆ, ಕೂಗಿದರೆ ಓಗೊಡುವಷ್ಟು ಹತ್ತಿರ.
ದಾಟುವ ದಾರಿ ಮಾತ್ರ ಒಂದೂವರೆ ಕಿಲೋಮೀಟರು ಕೆಳಗೆ,
ಸೇತುವೆಯ ಹೊಟ್ಟೆಯೊಳಗೆ.
ನಕ್ಷೆ ಬರೆದವನು
ಕಾರಿನಿಂದ ಇಳಿದಿರಲಾರ.

ಸಫ್ವಾನ್ ತಲಪಾಡಿಯ ತನಕ ಉಸಿರಾಡಿದ.
ಅವನ ಉಪ್ಪ ಮೊಯ್ದುಞ್ಞಿ ಹೋದ ತಿಂಗಳು
ಇದೇ ಸ್ಟೂಲಿನಲ್ಲಿ ಕೂತಿದ್ದರು.
'ಮೃತನ ಮಾಸಿಕ ಆದಾಯ' ಎಂಬ ಕಾಲಮ್ಮಿಗೆ ಬಂದಾಗ
ಸೊನ್ನೆ ಬರೆಯಲೋ ಎಂದು ಕೇಳಿದೆ.
ಕೇಳಬಾರದಿತ್ತು.

ಯಮುನಕ್ಕನದು ಬೇರೆ ಕಾಲಮ್ಮು.
ಮೆಡಿಕಲ್ ಬೋರ್ಡಿನವರು ಕೈಯನ್ನು ಮಡಚಿ, ಬಿಡಿಸಿ,
ಕೋನಮಾಪಕ ಇಟ್ಟು ಬರೆದುಕೊಟ್ಟಿದ್ದಾರೆ:
ಅಂಗವೈಕಲ್ಯ ಶೇಕಡಾ ಇಪ್ಪತ್ತೆರಡು.
"ಅಂದರೆ ಎಷ್ಟು ಬೀಡಿ?" ಎಂದಳು.

ದಿನಕ್ಕೆ ಎಂಟುನೂರು ಕಟ್ಟುತ್ತಿದ್ದವಳು.
ಹಾಳೆಯ ಹಿಂಬದಿಯಲ್ಲಿ ಗುಣಿಸಿ, ಕಳೆದು,
ಆರುನೂರ ಇಪ್ಪತ್ತನಾಲ್ಕು ಉಳಿಯಿತು ಎಂದೆ.
ನಕ್ಕಳು. ಝೆರಾಕ್ಸಿನ ಹುಡುಗ ತಿರುಗಿ ನೋಡುವಷ್ಟು ಜೋರಾಗಿ.
"ಅಷ್ಟು ಕಟ್ಟುವೆನಾದರೆ ನಿಮ್ಮಲ್ಲಿಗೆ ಯಾಕೆ ಬರುತ್ತಿದ್ದೆ ಮಾರಾಯರೆ?"
ಹೆಬ್ಬೆರಳನ್ನು ತೋರುಬೆರಳಿನತ್ತ ತಂದು ತೋರಿಸಿದಳು.
ತಾಗಲಿಲ್ಲ.
ನಡುವೆ ಒಂದು ಭತ್ತದ ಕಾಳಿನಷ್ಟು ಸಂದು.
ಎಂಟುನೂರೂ ಅದರೊಳಗೆ ಬಿದ್ದುಹೋದವು,
ಗ್ಯಾಸಿನ ದುಡ್ಡು, ಚೀಟಿಫಂಡಿನ ಕಂತು,
ಹತ್ತನೇ ಕ್ಲಾಸಿನ ನಿಶ್ಮಿತಳ ಸಂಜೆಗಳು ಕೂಡ.
ಅವಳೀಗ ಪುಸ್ತಕದ ಮೇಲೆ ಗೆರಸೆ ಇಟ್ಟುಕೊಂಡು
ಮುನ್ನೂರರ ತನಕ ಕಟ್ಟುತ್ತಾಳಂತೆ.

ಎದುರುದಾರ ಯಾರು ಎಂಬಲ್ಲಿ
ಲಾರಿಯ ನಂಬರು, ಮಾಲೀಕ, ವಿಮಾ ಕಂಪೆನಿ.
ರಸ್ತೆಯ ಹೆಸರು ಹಿಡಿಯುವಷ್ಟು ಜಾಗ
ಆ ಗೆರೆಯಲ್ಲಿ ಬಿಟ್ಟಿಲ್ಲ.

ಸಹಿಗೆ ಕೆಳಗೆ ಗುರುತು ಹಾಕಿ ಕೊಟ್ಟೆ.
ಪೆನ್ನು ಜಾರಿತು, ಎರಡು ಸಲ.
ಸಾಕ್ಷರತೆಯ ರಾತ್ರಿ ಕ್ಲಾಸಿನಲ್ಲಿ ಕಲಿತ ಆ ನಾಲ್ಕಕ್ಷರ,
ತಿಂಗಳುಗಟ್ಟಲೆ ಬೂದಿಯಲ್ಲಿ ತಿದ್ದಿದ್ದು.
ಕೊನೆಗೆ ಮಸಿಯ ಪ್ಯಾಡು ತೆಗೆದೆ.
ಎಡಗೈ ಹೆಬ್ಬೆಟ್ಟು ಒತ್ತಿ
ಸೆರಗಿಗೆ ಒರಸಿಕೊಳ್ಳದೆ ಸುಮ್ಮನೆ ಅದನ್ನೇ ನೋಡಿದಳು.

ಉಪ್ಪಳದ ಬಸ್ಸು ಆಚೆ ಬದಿಗೆ.
ಜೊತೆಗೆ ಹೋದೆ. ಅವಳ ಫೈಲನ್ನು ಎತ್ತಿಹಿಡಿದು
ಪೊಲೀಸನ ಹಾಗೆ ನಿಂತೆ.
ಒಂದು ಟ್ಯಾಂಕರು ನಿಧಾನಿಸಿತು. ಅದರ ಮಗ್ಗುಲಿನಿಂದ
ಕಾರೊಂದು ಹಾರ್ನು ಹೊಡೆಯುತ್ತಲೇ ನುಗ್ಗಿತು.
ಡಿವೈಡರಿನ ಕಂಬಿಯನ್ನು ಊರವರು ಯಾವಾಗಲೋ ಕಡಿದ
ಒಂದಾಳು ಹಿಡಿಯುವ ಸಂದಿನಲ್ಲಿ
ನಾವಿಬ್ಬರೂ ಒತ್ತಿಕೊಂಡು ನಿಂತಿದ್ದೆವು.
ಬಸ್ಸು ಬಂತು,
ಹೋಯಿತು.