ಏಳನೇ ಪ್ರಶ್ನೆ

ಜೂನಿನಲ್ಲಿ ನಲವತ್ತೆರಡು ಹಾಳೆ,
ಜನವರಿಯಲ್ಲಿ ಮೂವತ್ತೊಂಬತ್ತು.
ಮಂಡ್ಯ, ಗುತ್ತಲು ಕಡೆಯ ಹೈಸ್ಕೂಲು, ಒಂಬತ್ತನೇ ಬಿ.
ನಡುವೆ ಆರು ಭಾಷಣ, ಒಂದು ಬೀದಿನಾಟಕ,
ಬಲಗೈ ಮುಂದೆ ಚಾಚಿ ಪ್ರತಿಜ್ಞೆ,
ತಲೆಗೊಂದು ಪೆನ್ನು.

ಎಂದಾದರೂ ಸೇದಿದ್ದೀಯಾ, ಮೂಸಿದ್ದೀಯಾ, ನುಂಗಿದ್ದೀಯಾ?
ಏಳನೇ ಪ್ರಶ್ನೆ.
ಜೂನಿನಲ್ಲಿ ಮೂರು ಹಾಳೆ ಹೌದು ಎಂದಿದ್ದವು.
ಒಂದರಲ್ಲಿ ಸೊಲ್ಯೂಷನ್ ಎಂದು ಬರೆದು, ಹೊಡೆದು,
ಮತ್ತೆ ಬರೆದಿತ್ತು.
ಈಗ ಒಂದೂ ಇಲ್ಲ.
ತೊಂಬತ್ತಮೂರು ಇದ್ದದ್ದು ನೂರಕ್ಕೆ ನೂರು!
ಹೆಡ್‌ಮಾಸ್ತರು ಕಾಫಿ ತರಿಸಿದರು,
ಬೆಲ್ಲದ್ದು.

ಲೋಟ ತೊಳೆಯಲು ಹೋದಾಗ ಸಿಕ್ಕಿದ್ದು
ಬಿಸಿಯೂಟದ ಚಿಕ್ಕತಾಯಮ್ಮ.
ಅವಳ ಲೆಕ್ಕ ತಟ್ಟೆಗಳದ್ದು:
‘ದಸರಾ ಕಳೆದ್ಮೇಲೆ ಮೂರು ಕಮ್ಮಿ ಕಣವ್ವ.
ರೇಣುಕ, ಅಯಾಜು, ಆ ಕೆಂಪರಾಜ.
ಕೆಂಪರಾಜ ಬುದವಾರ ಬುದವಾರ
ಹಿಂದ್ಲ ಗೋಡೆತಾವ ಬತ್ತಾನೆ.
ಮೊಟ್ಟೆ ಮಡಗಿರ್ತೀನಿ.
ಕಣ್ಣು ಕೆಂಡ ಆಗಿರ್ತವೆ. ನಾನೇನೂ ಕೇಳಕಿಲ್ಲ.
ಉಪ್ಪು ಸಾಕಾ ಅಂತೀನಿ, ಅಷ್ಟೆ.’

ಇದು ಯಾವ ಕಾಲಮ್ಮಿಗೆ ಸೇರುತ್ತದೆ?
ಮೊಟ್ಟೆ ಒಂದು, ಪ್ರಶ್ನೆ ಒಂದು,
ಅದೂ ಉಪ್ಪಿನದು.
ನಮ್ಮ ಖರ್ಚು ತಲೆಗೆ ನಾನೂರ ಹತ್ತು ರೂಪಾಯಿ,
ಪೆನ್ನೂ ಸೇರಿ.

ಅಂದು ಮಂಗಳವಾರ.
ಸಂಜೆಯ ರೈಲಿಗೆ ಟಿಕೆಟ್ಟಿತ್ತು; ಹೋಗಲಿಲ್ಲ.
ವರದಿಯ ನೂರರ ಪಕ್ಕ
ಪೆನ್ಸಿಲಿನಲ್ಲಿ ಮೂರು ಗೆರೆ ಎಳೆದೆ,
ಯಾರಿಗೂ ತಿಳಿಯದಷ್ಟು ತೆಳ್ಳಗೆ.
ಅಳಿಸಿ, ಈ ಸಲ ಪೆನ್ನಿನಲ್ಲೇ ಎಳೆದೆ.

ಮೂರು ಖಾಲಿ ನಮೂನೆ ಚೀಲಕ್ಕೆ ಹಾಕಿಕೊಂಡಿದ್ದೆ.
ಬೆಳಿಗ್ಗೆ ಲಾಡ್ಜಿನಿಂದ ಆ ಗೋಡೆಯತ್ತ ಹೊರಡುವಾಗ
ತೆಗೆದು
ಮಂಚದ ಮೇಲೇ ಬಿಟ್ಟೆ.