ಐವತ್ತೈದು ನಿಮಿಷ

ಮೂರು ಹತ್ತಕ್ಕೆ ರಾಬರ್ಟ್‌ಸನ್‌ಪೇಟೆ ತಲುಪುತ್ತದೆ ನಮ್ಮ ಬಸ್ಸು.
ನಾಲ್ಕು ಐದಕ್ಕೆ ವಾಪಸ್ಸು, ಶ್ರೀನಿವಾಸಪುರಕ್ಕೆ.
ನಡುವೆ
ಡ್ರೈವರ್ ಚೌಡರೆಡ್ಡಿ ಹಿಂದಿನ ಸೀಟಿನುದ್ದಕ್ಕೂ ಕಾಲು ಚಾಚಿ
ಮುಖಕ್ಕೆ ಟವೆಲ್ಲು ಹಾಕಿಕೊಳ್ಳುತ್ತಾನೆ.
ನಾನು ಖಾಕಿಯಲ್ಲೇ, ಹೆಗಲಲ್ಲಿ ಕ್ಯಾಷ್ ಬ್ಯಾಗು,
ಹಾಕಿ ನೋಡಲು ಹೊರಡುತ್ತೇನೆ.

ಮೈದಾನ ಅಂದರೆ ಅಂಥದ್ದೇನಿಲ್ಲ.
ಕೆಂಪು ಮೊರಂ ನೆಲ, ಸುಣ್ಣದ ಗೆರೆ,
ಆಚೆಗೆ ಮುಚ್ಚಿದ ಗಣಿಯ ಮಣ್ಣುದಿಬ್ಬ.
ಗಾಳಿಯೆದ್ದರೆ ದಿಬ್ಬವೂ ಆಟಕ್ಕಿಳಿಯುತ್ತದೆ.
ಅಂಪೈರ್ ಅರುಳ್‌ದಾಸ್ ಸಾರು ಕಣ್ಣು ಮುಚ್ಚಿಕೊಂಡೇ ಸೀಟಿ ಊದುತ್ತಾರೆ,
ಇಪ್ಪತ್ತೆರಡು ಹುಡುಗಿಯರು ಗಾಳಿಗೆ ಬೆನ್ನು ಕೊಟ್ಟು ನಿಂತು
ಹಲ್ಲಿನ ಮರಳು ಉಗಿದು
ಮತ್ತೆ ಓಡುತ್ತಾರೆ.

ಮೆಟ್ಟಿಲು ಐದು. ನಾಲ್ಕನೆಯದು ನನ್ನದು.
ಕಡಲೆಕಾಯಿಯ ಅಂಜಲೈ ಮೊದಲ ದಿನವೇ ಕೇಳಿದ್ದಳು,
‘ನಿಮ್ ಮಗಳು ಯಾವಳಮ್ಮಾ?’
‘ಯಾರೂ ಅಲ್ಲ.’
‘ಅಕ್ಕನ ಮಗಳೋ?’
‘ಅಲ್ಲ.’
ಪೊಟ್ಟಣ ಕಟ್ಟುವ ಕೈ ಅರೆಗಳಿಗೆ ನಿಂತಿತು.
ಆಮೇಲೆ ಒಂದು ಹಿಡಿ ಜಾಸ್ತಿ ಹಾಕಿದಳು, ಯಾಕೋ.

ಕೂಗುವುದಕ್ಕೆ ನನಗೆ ಬೇರೆ ಭಾಷೆ ಬರುವುದಿಲ್ಲ.
ಚೆಂಡು ಎಡಬದಿಗೆ ಬಂದರೆ ಬಾಯಿಂದ ತಾನಾಗಿ ಹೊರಡುತ್ತದೆ:
‘ಮುಂದೆ ಹೋಗ್ರೀ, ಮುಂದೆ, ಜಾಗ ಇದೆ!’
ಮೊದಮೊದಲು ನಗುತ್ತಿದ್ದರು.
ಈಗ ಜೆಸಿಂತಾ ನಿಜಕ್ಕೂ ಮುಂದೆ ಹೋಗುತ್ತಾಳೆ,
ನಿಜಕ್ಕೂ ಅಲ್ಲಿ ಜಾಗ ಇರುತ್ತದೆ.

ಗೋಲಿಯ ಪ್ಯಾಡು ಊರಿಗೆಲ್ಲ ಒಂದೇ ಜೊತೆ,
ಇನ್ನೊಂದು ಗೋಲಿಗೆ ಯಾರದೋ ಹಳೇ ಕ್ರಿಕೆಟ್‌ದು.
ಅರ್ಧ ಆಟಕ್ಕೆ ಇಬ್ಬರೂ ನಡುಗೆರೆಯಲ್ಲಿ ಕೂತು
ಬಕಲ್ಲು ಬಿಚ್ಚಿ
ಒಬ್ಬಳ ಬೆವರು ಇನ್ನೊಬ್ಬಳ ಕಾಲಿಗೆ ಕಟ್ಟಿಕೊಳ್ಳುತ್ತಾರೆ.
ಆಟಕ್ಕಿಂತ ಒಮ್ಮೊಮ್ಮೆ ನನಗೆ ಅದೇ ಇಷ್ಟ.

ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನಿಂದ ಎರಡು ಹಾರನ್ನು.
ಇನ್ನೂ ಯಾರೂ ಗೆದ್ದಿರುವುದಿಲ್ಲ.
ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬಾಕಿ ಬರೆದು ಕೊಡುತ್ತೇನಲ್ಲ,
ಹಾಗೆ ನನಗೆ ಈ ಊರು ಬರೆದು ಕೊಟ್ಟದ್ದು:
ಒಂದು–ಸೊನ್ನೆ, ಎರಡು–ಎರಡು, ಸೊನ್ನೆ–ಸೊನ್ನೆ.
ಮರುದಿನ ಅಂಜಲೈಯನ್ನು ಕೇಳಿದರೆ,
‘ಯಾರು ಗೆದ್ರೋ ಗೊತ್ತಿಲ್ಲಮ್ಮಾ,
ಉದ್ದ ಜಡೆಯವಳು ಅತ್ತಳು.’

ಹೋದ ಗುರುವಾರ ಬಸ್ಸಿನ ಕ್ಲಚ್ಚು ಹೋಯಿತು.
ದೇವರು ದೊಡ್ಡವನು ಅಂತ ಅನ್ನಬಾರದು, ಅರವತ್ತು ಪ್ಯಾಸೆಂಜರ್ರು ಕಾಯುತ್ತಿದ್ದರು,
ಅಂದುಕೊಂಡೆ.

ಒಂದು–ಒಂದು. ಕೊನೆಯ ನಿಮಿಷ.
ಜೆಸಿಂತಾ ಹೊಡೆದಳು, ಅದೇ ಹೊತ್ತಿಗೆ ದಿಬ್ಬ ಎದ್ದು ಬಂತು.
ಧೂಳು ಇಳಿದಾಗ ಚೆಂಡು ಬಲೆಯ ಹಿಂದೆ ಬೇಲಿಮುಳ್ಳಲ್ಲಿತ್ತು.
ಬಲೆ ಮೊದಲೇ ಹರಿದದ್ದು.
ಒಳಗಿಂದ ಹೋಯಿತೋ, ಪಕ್ಕದಿಂದಲೋ?
ಅರುಳ್‌ದಾಸ್ ಸಾರಿಗೆ ಕಂಡಿಲ್ಲ, ನನಗೆ ಕಂಡಿಲ್ಲ.
ಅವರು ನಡೆದು ಹೋಗಿ ಗೋಲಿ ಫಿರ್ದೋಸಳನ್ನೇ ಕೇಳಿದರು.
ಹದಿಮೂರು ವರ್ಷದ ಮುಖ,
ರೆಪ್ಪೆಯ ಮೇಲೂ ಕೆಂಪು.
ತನ್ನ ಕಡೆಯವರತ್ತ ಒಮ್ಮೆ ನೋಡಿದಳು.
‘ಒಳಗೇ ಹೋಯ್ತು ಸಾರ್.’

ನನ್ನ ಸರ್ವಿಸ್ಸು ಹನ್ನೊಂದು ವರ್ಷ.
ಟಿಕೆಟ್ ತಗೊಂಡಿಲ್ಲ ಅಂತ ಕೇಳುವ ಮೊದಲೇ ಹೇಳಿದವರು
ಮೂವರು.
ಒಬ್ಬ ಕುಡಿದಿದ್ದ.

ಸೋತವರು ಫಿರ್ದೋಸಳನ್ನು ಬೈದರು, ಚೆನ್ನಾಗಿಯೇ ಬೈದರು.
ಆಮೇಲೆ ಎಲ್ಲ ಸೇರಿ ಸ್ಟಿಕ್ಕುಗಳನ್ನು ಒಂದೇ ಗೋಣಿಚೀಲಕ್ಕೆ ತುಂಬಿದರು.
ಮೂಲೆಗೆ ನೆಟ್ಟ ಬಾವುಟ ಯಾರದೋ ಅಮ್ಮನ ಸೀರೆ ಹರಿದದ್ದು,
ಅದನ್ನೂ ಮಡಿಸಿದರು.
ಕೊನೆ ಅಂದರೆ ಇಷ್ಟೇ.
ಇಷ್ಟು ದಿನ ಇನ್ನೇನೋ ಇರುತ್ತದೆ ಅಂದುಕೊಂಡಿದ್ದೆ.

ರಾತ್ರಿ ಡಿಪೋದಲ್ಲಿ ಲೆಕ್ಕ ಒಪ್ಪಿಸಲು ಬ್ಯಾಗು ಬೋರಲು ಹಾಕಿದೆ.
ನಾಣ್ಯದ ಜೊತೆ ಒಂದು ಬೊಗಸೆ ಗಣಿಮಣ್ಣು.
‘ಇದೇನಮ್ಮಾ ಇದು?’
ಕ್ಯಾಷಿಯರ್ರು ಫೂ ಅಂತ ಊದಿದರು.
‘ಲೆಕ್ಕಕ್ಕಿಲ್ಲದ್ದು ಸಾರ್,’ ಅಂದೆ.
ಅವರು ತಲೆಯೆತ್ತಲಿಲ್ಲ, ಎಣಿಸುತ್ತಿದ್ದರು.
ನಾನು ಮೇಜಿನ ಅಂಚಿನಿಂದ ಅದನ್ನು ಅಂಗೈಗೆ ಗುಡಿಸಿಕೊಂಡೆ.