ನಾಲ್ಕನೇ ದ್ವೀಪ

"ನಡುಬರಕ ಕುಂದರ್ರಿ, ದೋಣಿ ವಾಲತೈತಿ" ಅಂದ
ದಾವಲಸಾಬ, ಹುಟ್ಟು ಹಾಕಿದ.
ಉಣಕಲ್ ಕೆರೆ. ತಲೆಗೆ ಐವತ್ತು. ದ್ವೀಪ ನಾಲ್ಕು.

ಒಂದನೇದು ಅಂತರಗಂಗಿ ಗಡ್ಡಿ:
"ನಿನ್ನೆ ಅತ್ಲಾಗಿತ್ರಿ, ರಾತ್ರಿ ಗಾಳಿಗೆ ಇಲ್ಲಿಗೆ ಬಂದೈತಿ."
ಎರಡನೇದರ ಮೇಲೊಂದು ಟೈರು,
ಟೈರಿನೊಳಗೆ ಮೊಟ್ಟೆಗೆ ಕೂತ ನೀರುಕೋಳಿ
ನಮ್ಮನ್ನು ನೋಡಿಯೂ ಏಳಲಿಲ್ಲ.
ಬರಕೊಳ್ರಿ ಅಂದರು ಹುಡುಗರಿಗೆ
ನವಲಗುಂದದ ಕಸ್ತೂರಿ ಅಕ್ಕೋರು.
ಮೂರನೇದಕ್ಕೆ ಇಳಿದು ಗಿರಮಿಟ್ಟು ತಿಂದೆವು.
ದಂಡೆಯಾಚೆ ಚಿಗರಿ ಬಸ್ಸು
ಯಾವುದೋ ಬೇರೆ ದೇಶದ್ದರ ಹಾಗೆ
ಸಪ್ಪಳಿಲ್ಲದೆ ಧಾರವಾಡಕ್ಕೆ ಹೋಯಿತು.

"ನಾಲ್ಕನೇದು?"
ಹುಟ್ಟು ಎತ್ತಿ ಹಿಡಿದ. ಹನಿ ಇಳಿಯಿತು.
"ಅದರ ಮ್ಯಾಲೇ ಅದೀವ್ರಿ ಈಗ.
ಬ್ಯಾಸಗ್ಯಾಗ ಏಳತೈತಿ, ಒಂದು ಹಾಸಿಗಿಯಷ್ಟು.
ಮಧ್ಯಾಹ್ನ ನಾ ಅಲ್ಲೇ ಮಕ್ಕೊಂತೇನ್ರಿ,
ತಲಿಗೆ ಒಂದು ಕಲ್ಲೂ ಇಟ್ಟೇನಿ.
ಈ ವರ್ಷ ನೀರು ಭಾಳ."

ಹಿಂದಿನಿಂದ ಯಾರೋ, ಐವತ್ತು ದಂಡ ಅಂದರು.
ನೀರು ಹಸಿರು, ತಳ ಕಾಣದು.
ಕಸ್ತೂರಿ ಅಕ್ಕೋರು ಬಗ್ಗಿ ಇಣುಕಿದರು ಒಂದು ಗಳಿಗೆ.
ಆಮೇಲೆ ಚಪ್ಪಲಿ ಕಳಚಿ ಮಡಿಲಲ್ಲಿಟ್ಟು
ಕಾಲೆತ್ತಿ ಕೂತರು.
ಹುಡುಗರೂ, ಒಬ್ಬೊಬ್ಬರಾಗಿ.

ದೋಣಿ ದಾಟುವ ತನಕ.